ಮರೀನಾದಲ್ಲಿ ಮಲಗುವವರ ಫೋಟೋ: ಕ್ಯಾಮೆರಾ ಚೀಲದಲ್ಲಿರುವಾಗಲೇ ಆಗಬೇಕಾದ ಕೆಲಸ

ನಿದ್ದೆಯಲ್ಲಿರುವ ಮನುಷ್ಯ ಹೂಂ ಅನ್ನಲಾರ, ಬೇಡ ಅನ್ನಲೂ ಆರ. ಚೆನ್ನೈನ ಮರೀನಾ ಬೀಚಿಗೆ ನಸುಕಿನಲ್ಲಿ ಕ್ಯಾಮೆರಾ ಹಿಡಿದು ಹೋಗುವವರು ಎಡವುವುದು ಇಲ್ಲೇ. ಬೆಳಕು ಚೆನ್ನಾಗಿರುತ್ತದೆ, ಮಲಗಿದವರು ಅಲುಗಾಡುವುದಿಲ್ಲ, ಯಾಕೆ ಎಂದು ಕೇಳುವವರೂ ಇರುವುದಿಲ್ಲ. ಹತ್ತು ನಿಮಿಷದಲ್ಲಿ ಕಾರ್ಡಿನ ತುಂಬ ಚಿತ್ರ ಸಿಕ್ಕಿಬಿಡುತ್ತವೆ, ಪ್ರಕಟಿಸಬಹುದಾದದ್ದು ಒಂದೂ ಇರುವುದಿಲ್ಲ. ಮಲಗಿದವರ ಚಿತ್ರ ಬೇಕೆಂದರೆ ಅದರ ಮುಕ್ಕಾಲು ಕೆಲಸ ಹಿಂದಿನ ಸಂಜೆ, ಅವರು ಎಚ್ಚರವಾಗಿದ್ದಾಗ ಮುಗಿದಿರಬೇಕು. ಉಳಿದ ಕಾಲು ಭಾಗವಷ್ಟೇ ಲೆನ್ಸು, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ), ಶಟರ್.

ಮಲಗಿದವರೆಲ್ಲ ಮನೆಯಿಲ್ಲದವರಲ್ಲ

ಮೊದಲ ಎರಡು ಮೂರು ಸಂಜೆ ಕ್ಯಾಮೆರಾ ಇಲ್ಲದೆ ಹೋಗಿ. ಕೂವಂ ನದಿಯ ಅಳಿವೆಯಿಂದ ಲೈಟ್‌ಹೌಸ್ ಕಡೆಗೆ ಕಾಮರಾಜರ್ ಸಾಲೈ ಉದ್ದಕ್ಕೂ ನಡೆದರೆ ಸಾಕು. ರಸ್ತೆಯಂಚಿನಿಂದ ನೀರಿನವರೆಗೆ ಮರಳು ಸರಾಸರಿ 300 ಮೀಟರ್ ಅಗಲವಿದೆ. ಇಷ್ಟು ದೊಡ್ಡ ಜಾಗದಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎನ್ನುವುದಕ್ಕೆ ಒಂದು ಲೆಕ್ಕಾಚಾರವಿರುತ್ತದೆ.

ಟಾರ್ಪಾಲಿನ್ ಮುಚ್ಚಿದ ಅಂಗಡಿಗಳ ಪಕ್ಕದಲ್ಲಿ ಮಲಗುವವರಲ್ಲಿ ಅನೇಕರು ವ್ಯಾಪಾರಿಗಳು: ಸುಂಡಲ್ (ಕಡಲೆ ಉಸಲಿ), ಬಜ್ಜಿ, ಬಲೂನಿಗೆ ಗುರಿ ಇಡುವ ಆಟದ ಅಂಗಡಿ ಇಟ್ಟವರು. ಸಾಮಾನು ಕಳುವಾಗದಿರಲಿ ಎಂದು ಅಲ್ಲೇ ಕಾವಲು ಮಲಗುತ್ತಾರೆ. ದಕ್ಷಿಣದ ತುದಿಯ ನೊಚ್ಚಿಕುಪ್ಪಂ ಕಡೆ ದೋಣಿಯ ನೆರಳಿಗೆ ಮೈಚಾಚಿದವರು ಮೀನುಗಾರರು. ಅವರ ಮನೆ ರಸ್ತೆಯಾಚೆಯೇ ಇದೆ, ಸೆಕೆಗೆ ಹೊರಗೆ ಬಂದು ಮಲಗಿರುತ್ತಾರೆ. ಊರಿನಿಂದ ಆಸ್ಪತ್ರೆಗೆ ರೋಗಿಯನ್ನು ಕರೆತಂದವರು, ಬೆಳಗಿನ ರೈಲಿಗೆ ಕಾಯುವವರು, ಕಟ್ಟಡ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದವರು ಸಹ ಸಿಗುತ್ತಾರೆ. ಇವರ ನಡುವೆ ನಿಜವಾಗಿಯೂ ಮನೆ ಇಲ್ಲದವರು: ಮಕ್ಕಳು ಕೈಬಿಟ್ಟ ಮುದುಕರು, ಗಂಡನ ಮನೆ ಬಿಟ್ಟು ಬಂದ ಹೆಂಗಸರು, ಮನಸ್ಸಿನ ಕಾಯಿಲೆಯಿಂದ ಅಲೆಯುವವರು, ಹಗಲು ಕೂಲಿ ಮಾಡಿಯೂ ಅಡ್ವಾನ್ಸ್ ಕಟ್ಟಿ ಬಾಡಿಗೆ ಕೋಣೆ ಹಿಡಿಯಲಾಗದವರು. ಮೀನುಗಾರನ ಮಧ್ಯಾಹ್ನದ ನಿದ್ದೆಯ ಫೋಟೋಗೆ ‘ನಿರ್ಗತಿಕ’ ಎಂದು ಅಡಿಬರಹ ಹಾಕಿದವರಿಗೆ ಕೊರತೆಯಿಲ್ಲ. ಅದು ಬರೀ ತಪ್ಪಲ್ಲ, ಅವಮಾನ.

ಕಾಲವನ್ನೂ ನೋಡಿಕೊಳ್ಳಿ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಚೆನ್ನೈಗೆ ಹಿಂಗಾರು ಮಳೆ. ಆಗ ಮರಳು ಖಾಲಿ, ಜನ ತಿರುವಲ್ಲಿಕ್ಕೇಣಿ ಕಡೆಯ ಅಂಗಡಿ ಜಗಲಿಗೋ ಎತ್ತರದ ರೈಲು ಮಾರ್ಗದ ಅಡಿಗೋ ಸರಿದಿರುತ್ತಾರೆ. ಜನವರಿಯಲ್ಲಿ ಕಾಣುಂ ಪೊಂಗಲ್ ದಿನ ಬೀಚಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಣರಾಜ್ಯೋತ್ಸವದ ಪರೇಡು ಇದೇ ರಸ್ತೆಯಲ್ಲಿ ನಡೆಯುವುದರಿಂದ ಆ ವಾರದಲ್ಲಿ ಪೊಲೀಸ್ ಕಾವಲು ಬಿಗಿ. ಫೆಬ್ರವರಿಯಿಂದ ಜೂನ್‌ವರೆಗಿನ ತಿಂಗಳುಗಳೇ ಈ ಕೆಲಸಕ್ಕೆ ಸರಿ. ರಾತ್ರಿ ಹೊತ್ತು ಪೊಲೀಸರು ಮರಳಿನಲ್ಲಿದ್ದವರನ್ನು ಎಬ್ಬಿಸಿ ಕಳಿಸುವುದುಂಟು. ಅಂಥ ಹೊತ್ತಿನಲ್ಲಿ ನಿಮ್ಮ ಫ್ಲ್ಯಾಶ್ ಬೆಳಗಿದರೆ, ಮಲಗಿದವರ ಜಾಗವನ್ನು ನೀವೇ ತೋರಿಸಿಕೊಟ್ಟಂತೆ. ಮರೀನಾ ಅಥವಾ ಅಣ್ಣಾ ಸ್ಕ್ವೇರ್ ಪೊಲೀಸ್ ಠಾಣೆಗೆ ಹಗಲಿನಲ್ಲೇ ಹೋಗಿ ಏನು ಮಾಡುತ್ತೀರೆಂದು ತಿಳಿಸಿ ಬನ್ನಿ. ಯಾರು, ಎಲ್ಲಿ ಎಂಬುದನ್ನು ಮಾತ್ರ ಹೇಳಬೇಡಿ.

ಒಪ್ಪಿಗೆ ಕೇಳುವ ಬಗೆ

ಸಂಜೆ ಏಳರಿಂದ ಒಂಬತ್ತರ ನಡುವೆ ಹೋಗಿ. ಊಟವಾಗಿರುತ್ತದೆ, ಹಾಸಿಗೆ ಇನ್ನೂ ಬಿಡಿಸಿರುವುದಿಲ್ಲ. ನಿಂತು ಮಾತಾಡಬೇಡಿ, ಕೂತವರ ಮುಂದೆ ನಿಂತು ಪ್ರಶ್ನೆ ಕೇಳುವವರು ಒಂದೋ ಪೊಲೀಸರು, ಇಲ್ಲವೇ ಕಾರ್ಪೊರೇಷನ್‌ನವರು ಎಂಬುದು ಅವರ ಅನುಭವ. ‘ಅಣ್ಣಾ, ಉಕ್ಕಾರಲಾಮಾ?’ ಎಂದು ಕೇಳಿ ಕೂತುಕೊಳ್ಳಿ. ವಯಸ್ಸಾದ ಗಂಡಸರಿಗೆ ‘ಅಯ್ಯಾ’, ಹೆಂಗಸರಿಗೆ ‘ಅಮ್ಮಾ’ ಅಥವಾ ‘ಅಕ್ಕಾ’. ಕನ್ನಡದವರಿಗೆ ಹರಕು ಮುರುಕು ತಮಿಳೇ ಒಂದು ಅನುಕೂಲ, ತಪ್ಪಾಡಿದರೆ ನಗುತ್ತಾರೆ, ಮಾತು ಬೆಳೆಯುತ್ತದೆ. ಉತ್ತರದಿಂದ ಬಂದವರ ಜೊತೆ ಹಿಂದಿ ನಡೆಯುತ್ತದೆ.

ಫೋಟೋದ ಮಾತು ತೆಗೆದಾಗ ಮೂರು ಸಂಗತಿ ಬೇರೆ ಬೇರೆಯಾಗಿ ಕೇಳಿ. ‘ಫೋಟೋ ಎಡುಕ್ಕಲಾಮಾ?’, ಅಂದರೆ ಫೋಟೋ ತೆಗೆಯಬಹುದೇ ಎಂಬುದು ಮೊದಲನೆಯದು. ಮುಖ ಕಾಣಬಹುದೇ ಎಂಬುದು ಎರಡನೆಯದು. ಎಲ್ಲಿ ಹಾಕಬಹುದು, ಪ್ರದರ್ಶನದಲ್ಲೋ ಪತ್ರಿಕೆಯಲ್ಲೋ ಫೋನಿನಲ್ಲೋ ಎಂಬುದು ಮೂರನೆಯದು. ಇನ್‌ಸ್ಟಾಗ್ರಾಂ ಅಂದರೆ ಗೊತ್ತಿಲ್ಲದವರಿಗೆ ನಿಮ್ಮ ಫೋನಿನಲ್ಲೇ ತೆರೆದು ತೋರಿಸಿ: ಊರಿನಲ್ಲಿರುವ ಅಣ್ಣ ತಮ್ಮಂದಿರೂ ಇದನ್ನು ನೋಡಬಹುದು ಎಂದು ಬಿಡಿಸಿ ಹೇಳಿ. ಇದನ್ನು ಕೇಳಿದ ಮೇಲೆ ಮುಖ ಬೇಡ ಅನ್ನುವವರು ಬಹಳ. ಊರಿನಲ್ಲಿ ‘ಮಗ ಚೆನ್ನೈಯಲ್ಲಿ ಕೆಲಸದಲ್ಲಿದ್ದಾನೆ’ ಎಂದು ನಂಬಿಸಿರುವವರಿಗೂ, ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವರಿಗೂ ಒಂದು ಚಿತ್ರ ಹೊರಬಿದ್ದರೆ ಆಗುವ ಹಾನಿ ನಮ್ಮ ಅಂದಾಜಿಗೆ ಸಿಕ್ಕುವಂಥದ್ದಲ್ಲ.

‘ವೇಂಡಾಂ’ (ಬೇಡ) ಎಂದರೆ ಅಲ್ಲಿಗೆ ಮುಗಿಯಿತು. ‘ಅಪ್ಪುರಂ ಪಾಕ್ಕಲಾಂ’ ಎಂದರೂ ಬಹುಮಟ್ಟಿಗೆ ಅದೇ. ಆಮೇಲೆ ನೋಡೋಣ ಎನ್ನುವುದು ಮರ್ಯಾದೆಯಿಂದ ಬೇಡ ಅನ್ನುವ ದಾರಿ. ಕುಡಿದವರ ಹೂಂ ಲೆಕ್ಕಕ್ಕಿಲ್ಲ, ಮರುದಿನ ಕೇಳಿ. ಹೇಳಿದ್ದು ಅರ್ಥವಾಗುವ ಸ್ಥಿತಿಯಲ್ಲಿ ಇಲ್ಲದವರ ಫೋಟೋ ಬೇಡವೇ ಬೇಡ.

ಕಾಗದಕ್ಕೆ ಸಹಿ ಹಾಕಿಸಬೇಡಿ. ಸಹಿ ಎಂದೊಡನೆ ಕೇಸು, ಸಾಲ, ಎತ್ತಂಗಡಿ ನೆನಪಾಗುತ್ತವೆ. ಫೋನಿನಲ್ಲಿ ಅರ್ಧ ನಿಮಿಷದ ಧ್ವನಿ ಸಾಕು: ಏನು ಕೇಳಿದಿರಿ, ಅವರು ಏನು ಒಪ್ಪಿದರು, ಏನು ಒಪ್ಪಲಿಲ್ಲ. ಆ ಕಡತಕ್ಕೆ ಹೆಸರಿನ ಬದಲು ಸಂಖ್ಯೆ ಕೊಡಿ, ಅದೇ ಸಂಖ್ಯೆಯನ್ನು ಚಿತ್ರಗಳಿಗೂ ಕೊಡಿ. ನಿಮ್ಮ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಒಂದು ಸಣ್ಣ ರಟ್ಟಿನ ಮೇಲೆ ಬರೆದು ಕೊಡಿ. ಮನಸ್ಸು ಬದಲಾದರೆ ಯಾರದೋ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಟ್ಟರೂ ಚಿತ್ರ ತೆಗೆದುಹಾಕುತ್ತೇನೆ ಎಂದು ಹೇಳಿ, ಹಾಗೇ ನಡೆದುಕೊಳ್ಳಿ.

ಹಣದ ಪ್ರಶ್ನೆ ಬಂದೇ ಬರುತ್ತದೆ. ಫೋಟೋಗೆ ಇಷ್ಟು ಎಂದು ಮುಂಗಡ ಕೊಟ್ಟರೆ ಎರಡು ತೊಡಕು. ಹಸಿದವನಿಗೆ ಬೇಡ ಅನ್ನುವ ದಾರಿಯೇ ಉಳಿಯುವುದಿಲ್ಲ. ಪಕ್ಕದವರು ಮುತ್ತಿಕೊಳ್ಳುತ್ತಾರೆ, ನೀವು ಹೋದ ಮೇಲೆ ಜಗಳ ಅವರವರಲ್ಲೇ. ಸೈಕಲ್ ಟೀಯವರು ಬಂದಾಗ ಕೂತಿರುವವರೆಲ್ಲರಿಗೂ, ಬೇಡ ಅಂದವರಿಗೂ ಸೇರಿಸಿ, ಟೀ ಕೊಡಿಸಿ. ಚಿತ್ರದಿಂದ ಮುಂದೆ ಹಣ ಬಂದರೆ ಅದರಲ್ಲಿ ಪಾಲು ಎಷ್ಟು ಎಂಬುದನ್ನು ಮಾತ್ರ ಮೊದಲೇ ಹೇಳಿಡಿ.

ಕಾನೂನಿನಲ್ಲಿ ಗೊತ್ತಿರಬೇಕಾದಷ್ಟು

ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯುವುದೇ ಅಪರಾಧ ಎನ್ನುವ ಕಾನೂನು ನಮ್ಮಲ್ಲಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿದೆ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಖಾಸಗಿತನ ಹೋಗಿಬಿಡುವುದಿಲ್ಲ ಎಂದು ಅದೇ ತೀರ್ಪು ಹೇಳುತ್ತದೆ. ಮಲಗಲು ಬೇರೆ ಜಾಗವೇ ಇಲ್ಲದವರ ವಿಷಯದಲ್ಲಿ ಈ ಮಾತಿನ ತೂಕ ಹೆಚ್ಚು.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮನೆಯೂ ಇಲ್ಲದ, ಜೀವನಾಧಾರವೂ ಕಾಣದ ಮಗು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’. ಅಂಥ ಮಗುವಿನ ಗುರುತು ಸಿಗುವಂಥ ಚಿತ್ರ ಪ್ರಕಟಿಸುವುದನ್ನು 74ನೇ ಕಲಂ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು. ಬಟ್ಟೆ, ಪಕ್ಕದಲ್ಲಿರುವ ತಾಯಿ, ಹಿಂದಿನ ಅಂಗಡಿಯ ಬೋರ್ಡು, ಇವೂ ಗುರುತೇ. ಮಕ್ಕಳು ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳುವುದೇ ಸುಲಭ.

ಡ್ರೋನ್ ತರಲೇಬೇಡಿ. ಉತ್ತರದ ಕಡೆ ಸೇಂಟ್ ಜಾರ್ಜ್ ಕೋಟೆಯ ಸಚಿವಾಲಯವೂ ಸೇನೆ, ನೌಕಾಪಡೆಯ ನೆಲೆಗಳೂ ಇವೆ.

ಸಲಕರಣೆ, ಮತ್ತು ಸಮುದ್ರದ ಉಪ್ಪು

ಒಂದು ಬಾಡಿ, ಜೂಮ್ ಇಲ್ಲದ ಒಂದು 35 ಎಂಎಂ ಪ್ರೈಮ್ ಲೆನ್ಸ್ (ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ ಆದರೆ 23 ಎಂಎಂ), ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್/2 ಅಥವಾ ಅದಕ್ಕಿಂತ ತೆರೆದದ್ದು. ಇಷ್ಟೇ. 70–200ರ ಟೆಲಿ ಲೆನ್ಸ್ ಮನೆಯಲ್ಲಿರಲಿ. ದೂರದಿಂದ ಕದ್ದು ತೆಗೆಯುವುದಕ್ಕೆ ಮಾತ್ರ ಅದು ಬೇಕಾಗುವುದು. 35ರಲ್ಲಿ ತೆಗೆಯಬೇಕಾದರೆ ಎರಡು ಮೀಟರ್ ಹತ್ತಿರ ಹೋಗಬೇಕು, ಅಷ್ಟು ಹತ್ತಿರ ಪರಿಚಯವಿಲ್ಲದೆ ಹೋಗಲಾಗದು.

ಎಸಿ ಕೋಣೆಯಿಂದ ನೇರ ಬೀಚಿಗೆ ಬಂದರೆ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ. ತಣ್ಣಗಿನ ಗಾಜಿಗೆ ಚೆನ್ನೈನ ತೇವದ ಗಾಳಿ ತಗುಲಿದರೆ ಇನ್ನೇನಾದೀತು. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಹೊರಡುವ ಮುನ್ನ ಚೀಲವನ್ನು ಜಿಪ್ ಹಾಕಿಯೇ ಬಾಲ್ಕನಿಯಲ್ಲಿ 30–40 ನಿಮಿಷ ಇಡಿ. ಲೆನ್ಸಿಗೆ ಯುವಿ ಫಿಲ್ಟರ್ ಹಾಕಿ, ಮರಳಿನ ಮೇಲೆ ಲೆನ್ಸ್ ಬದಲಾಯಿಸಬೇಡಿ. ವಾಪಸು ಬಂದ ಮೇಲೆ ಮೊದಲು ಬ್ಲೋವರ್‌ನಿಂದ ಮರಳು ಊದಿ, ಆಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬಾಡಿ ಒರೆಸಿ. ಈ ಕ್ರಮ ತಿರುಗುಮುರುಗಾದರೆ ಮರಳಿನ ಕಣ ಗಾಜನ್ನು ಗೀರುತ್ತದೆ.

ಕ್ಯಾಮೆರಾದಲ್ಲಿ ಮೂರನ್ನು ಮೊದಲೇ ಬಂದ್ ಮಾಡಿಡಿ. ಒಂದು ಫ್ಲ್ಯಾಶ್. ಇನ್ನೊಂದು ಎಎಫ್ ಅಸಿಸ್ಟ್ ದೀಪ, ಫೋಕಸ್ ಮಾಡುವಾಗ ಮುಂದಿನಿಂದ ಬರುವ ಆ ಕೆಂಪು ಬೆಳಕು ನೇರ ಕಣ್ಣಿಗೆ ಬೀಳುತ್ತದೆ. ಮತ್ತೊಂದು ಬೀಪ್. ಪರದೆಯ ಹೊಳಪನ್ನೂ ತಗ್ಗಿಸಿ.

ಬೆಳಕು ಮತ್ತು ಎಕ್ಸ್‌ಪೋಶರ್

ಮರೀನಾ ಪೂರ್ವಕ್ಕೆ ಮುಖಮಾಡಿದೆ. ಸೂರ್ಯ ನೀರಿನಿಂದ ಹುಟ್ಟುತ್ತಾನೆ, ಸಂಜೆ ಕಟ್ಟಡಗಳ ಹಿಂದೆ ಇಳಿಯುತ್ತಾನೆ. ಹಾಗಾಗಿ ಸಂಜೆ ಮರಳಿನ ಮೇಲೆ ಬರೀ ಮಂಕು ನೆರಳು, ಬೆಳಗೇ ಬೆಳಗು. ಸೂರ್ಯೋದಯ ಜೂನ್ ಹೊತ್ತಿಗೆ 5.40ರ ಆಸುಪಾಸು, ಜನವರಿಯಲ್ಲಿ 6.30 ದಾಟುತ್ತದೆ. ಅದಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ. ಚೆನ್ನೈನ ಅಕ್ಷಾಂಶದಲ್ಲಿ ನಸುಕು ಬೇಗ ಮುಗಿದುಹೋಗುತ್ತದೆ. ಮುಖ ಕಾಣುವಷ್ಟು ನೀಲಿ ಬೆಳಕು ಬಂದಮೇಲೆ ಸೂರ್ಯ ಮೂಡಲು ಇಪ್ಪತ್ತೆರಡು ನಿಮಿಷದಷ್ಟೇ ಸಮಯ.

ಕತ್ತಲಿರುವಾಗ ಎತ್ತರದ ಕಂಬಗಳ ದೀಪವೇ ಆಧಾರ. ಎಫ್/2, 1/50 ಸೆಕೆಂಡ್, ಐಎಸ್‌ಒ 3200ರಿಂದ ಶುರು ಮಾಡಿ. ಶಟರ್ 1/50 ಅಥವಾ 1/100ರಲ್ಲೇ ಇರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. 1/250ಕ್ಕೆ ಏರಿಸಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದ ಮೇಲೆ ಅಡ್ಡಡ್ಡ ಪಟ್ಟಿ ಮೂಡಬಹುದು, ಎಡಿಟಿಂಗಿನಲ್ಲಿ ಅದು ಹೋಗುವುದಿಲ್ಲ. ಕ್ಯಾಮೆರಾ ತಾನೇ ಬೆಳಕು ಅಳೆಯುವ ಆಟೋ ಮೀಟರಿಂಗ್ ರಾತ್ರಿಯನ್ನೂ ಹಗಲು ಮಾಡಲು ನೋಡುತ್ತದೆ, ಒಂದು ಸ್ಟಾಪ್, ಅಂದರೆ ಅರ್ಧ ಬೆಳಕಿಗೆ ಇಳಿಸಿ. ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್‌ಗೆ ಕಟ್ಟಿಹಾಕಿ ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಕಡತ) ತೆಗೆಯಿರಿ. ಇಲ್ಲದಿದ್ದರೆ ಒಂದೊಂದು ಚಿತ್ರಕ್ಕೆ ಒಂದೊಂದು ಬಣ್ಣ. ಫೋನಿನ ನೈಟ್ ಮೋಡ್ ಎರಡು ಮೂರು ಸೆಕೆಂಡ್ ಹಿಡಿಯುವುದರಿಂದ ಗಾಳಿಗೆ ಹಾರಾಡುವ ಹೊದಿಕೆ ಕಲಸಿಹೋಗುತ್ತದೆ.

ಬೆಳಕು ಹರಿಯುತ್ತಿದ್ದಂತೆ ಜಾಗ ಬದಲಿಸಿ. ರಸ್ತೆ ಕಡೆ ನಿಂತು ಸಮುದ್ರದತ್ತ ಕ್ಯಾಮೆರಾ ಹಿಡಿದರೆ ಜನ ಕಪ್ಪು ಆಕೃತಿ ಮಾತ್ರ. ಮುಖ ಬೇಡ ಅಂದವರಿಗೆ ಇದೇ ಒಳ್ಳೆಯ ಉಪಾಯ: ಆಕಾಶಕ್ಕೆ ಮೀಟರ್ ಮಾಡಿ, ಅಂದರೆ ಅಲ್ಲಿನ ಬೆಳಕಿಗೆ ಎಕ್ಸ್‌ಪೋಶರ್ ಹೊಂದಿಸಿ. ಮುಖಕ್ಕೆ ಒಪ್ಪಿದವರಿಗಾದರೆ ನೀವು ಸಮುದ್ರದ ಕಡೆ ಸರಿದು, ನೀರಿಗೆ ಬೆನ್ನು ಹಾಕಿ. ಸೂರ್ಯ ಮೂಡಿದ ಮೊದಲ ಇಪ್ಪತ್ತು ನಿಮಿಷ ಒಣ ಮರಳು ಕೆಳಗಿನಿಂದ ಬೆಳಕು ಚಿಮ್ಮಿಸಿ ಕಣ್ಣಿನ ಕೆಳಗಿನ ಕಪ್ಪನ್ನು ಅಳಿಸುತ್ತದೆ. ಮೀಟರನ್ನು ಸ್ಪಾಟ್‌ಗೆ ಇಟ್ಟು ಕೆನ್ನೆಯ ಮೇಲಿನ ಬೆಳಕನ್ನಷ್ಟೇ ಅಳೆಯಿರಿ. ಕಪ್ಪು ಮೈಬಣ್ಣವನ್ನು ಎಡಿಟಿಂಗಿನಲ್ಲಿ ಬೆಳ್ಳಗೆ ಮಾಡುವ ಚಾಳಿ ಬೇಡ.

ಚೌಕಟ್ಟು

ನಿಂತು ಮೇಲಿನಿಂದ ತೆಗೆದ ಚಿತ್ರದಲ್ಲಿ ಮಲಗಿದವರು ಹೆಣದಂತೆ ಕಾಣುತ್ತಾರೆ. ಸೊಳ್ಳೆಗೆ, ಕಂಬದ ಬೆಳಕಿಗೆ ಹೆದರಿ ತಲೆವರೆಗೂ ಮುಸುಕೆಳೆದುಕೊಂಡವರನ್ನು ಹಾಗೆ ತೆಗೆದರಂತೂ ನೋಡಿದವರು ‘ಪಾಪ, ಯಾವಾಗ ಹೋದರು’ ಎಂದು ಕೇಳುತ್ತಾರೆ. ಕೂತುಕೊಳ್ಳಿ, ಲೆನ್ಸ್ ನೆಲದಿಂದ 40–50 ಸೆಂ.ಮೀ. ಎತ್ತರದಲ್ಲಿರಲಿ. ಆಗ ದಿಗಂತ, ನಾಯಿ, ನಡೆದುಹೋಗುವ ವಾಕಿಂಗ್‌ನವರ ಕಾಲು ಎಲ್ಲ ಚೌಕಟ್ಟಿಗೆ ಬರುತ್ತವೆ, ಮನುಷ್ಯ ಒಂದು ಜಾಗದಲ್ಲಿ ಇದ್ದಾನೆ ಅನ್ನಿಸುತ್ತದೆ.

ಮುಖಕ್ಕಿಂತ ಹಾಸಿಗೆ ಹೆಚ್ಚು ಹೇಳುವುದುಂಟು. ಹಳೆಯ ಫ್ಲೆಕ್ಸ್ ಬ್ಯಾನರನ್ನು ಅಡ್ಡ ಮಡಿಸಿ, ನುಣುಪು ಬದಿ ಮರಳಿಗೆ ಹಾಕಿರುತ್ತಾರೆ, ನಸುಕಿನ ಇಬ್ಬನಿಯ ತೇವ ಮೇಲೆ ಬರದಿರಲಿ ಎಂದು. ಚಪ್ಪಲಿ ಕಾಲ ಬಳಿ ಇರುವುದಿಲ್ಲ, ಟವೆಲಿನಲ್ಲಿ ಸುತ್ತಿ ತಲೆಯಡಿ ಇಟ್ಟಿರುತ್ತಾರೆ; ಬಿಟ್ಟರೆ ಬೆಳಗ್ಗೆ ಇರುವುದಿಲ್ಲ. ಗೋಣಿಚೀಲದ ಬಾಯಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಮಣಿಕಟ್ಟಿನಲ್ಲಿರುತ್ತದೆ. ಇಂಥವನ್ನು ತೆಗೆಯಲೂ ಕೇಳಿಯೇ ತೆಗೆಯಬೇಕು. ಕೇಳಿದರೆ ಯಾಕೆ ಹಾಗೆ ಕಟ್ಟಿದ್ದು ಎಂದು ಅವರೇ ಹೇಳುತ್ತಾರೆ, ಅಡಿಬರಹ ಅಲ್ಲೇ ಸಿಕ್ಕಿತು.

ಫ್ಲೆಕ್ಸಿನ ಮೇಲೆ ನಗುವ ನಾಯಕರ ಮುಖವೂ ಅದರ ಮೇಲೆ ಮಲಗಿದ ಮನುಷ್ಯನೂ ಒಟ್ಟಿಗೆ ಬಂದರೆ ಚಿತ್ರ ರಾಜಕೀಯ ಜೋಕಾಗಿ ಹಂಚಿಹೋಗುತ್ತದೆ, ಏಟು ಬೀಳುವುದು ಮಲಗಿದವನಿಗೆ. ಕಾರ್ಮಿಕರ ಪ್ರತಿಮೆಯ ಬುಡದಲ್ಲಿ ಮಲಗಿದ ಕೂಲಿಯವನ ಚಿತ್ರವೂ ಅಷ್ಟೇ. ದೇವಿಪ್ರಸಾದ್ ರಾಯ್ ಚೌಧರಿ ಮಾಡಿದ ಆ ಪ್ರತಿಮೆ 1959ರಿಂದ ಅಲ್ಲಿದೆ, ಆ ವ್ಯಂಗ್ಯ ಎಲ್ಲರಿಗೂ ಹೊಳೆದಿದೆ. ಮೇಲಾಗಿ ಜಾಗ ಯಾವುದು ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಕಪ್ಪು ಬಿಳುಪಿಗೆ ಹೊರಳುವ ಮೊದಲು ಯೋಚಿಸಿ. ಬಡತನವನ್ನು ಕಪ್ಪು ಬಿಳುಪು ಮಾಡಿದರೆ ಅದು ಯಾವ ಕಾಲದ್ದೋ ಆಗಿಬಿಡುತ್ತದೆ. ನೀಲಿ ಟಾರ್ಪಾಲಿನ್, ಬಿಳಿ ಎಲ್‌ಇಡಿ ಬೆಳಕು, ಡೆಲಿವರಿ ಕಂಪನಿಯ ಟೀ ಶರ್ಟು ಇವೆಲ್ಲ ಇವತ್ತಿನವು ಎಂದು ಬಣ್ಣವೇ ಹೇಳಬೇಕು.

ಕ್ಯಾಮೆರಾ ಕೆಳಗಿಡುವ ಹೊತ್ತು

ಬಿಸಿಲೇರಿದ ಮೇಲೂ ಮರಳಿನಲ್ಲಿ ಅಲುಗಾಡದೆ ಬಿದ್ದಿರುವವರನ್ನು ಕಂಡರೆ ಮಾತಾಡಿಸಿ. ಪ್ರತಿಕ್ರಿಯೆ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಹತ್ತಿರದ ಗುರುತು ಹೇಳಿ. ಒಂಟಿ ಮಗು ಕಂಡರೆ 1098. ದಿಕ್ಕಿಲ್ಲದ ವೃದ್ಧರಿಗೆ 14567. ರಾತ್ರಿ ತಂಗುದಾಣ ಬೇಕೆಂದು ಅವರೇ ಕೇಳಿದರೆ ಚೆನ್ನೈ ಕಾರ್ಪೊರೇಷನ್ನಿನ 1913. ಮನಸ್ಸಿನ ಕಾಯಿಲೆಯಿಂದ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯ 100ನೇ ಕಲಂ ಹಾಗೆ ಹೇಳುತ್ತದೆ. ಅಂಥ ಹೆಂಗಸರಿಗಾಗಿ ‘ದಿ ಬನ್ಯನ್’ ಸಂಸ್ಥೆ 1993ರಿಂದ ಚೆನ್ನೈಯಲ್ಲಿ ಕೆಲಸ ಮಾಡುತ್ತಿದೆ. ‘ಇವರನ್ನು ಗುರುತಿಸಿದರೆ ಶೇರ್ ಮಾಡಿ’ ಎಂದು ಮುಖವನ್ನು ಜಾಲತಾಣಕ್ಕೆ ಹಾಕುವುದು ಉಪಕಾರವಲ್ಲ.

ಮನೆಗೆ ಬಂದ ಮೇಲೆ

ಫೈಲಿನಿಂದ ಜಿಪಿಎಸ್ ಮಾಹಿತಿ ತೆಗೆಯಿರಿ, ಫೋನಿನಲ್ಲಿ ತೆಗೆದವಕ್ಕೆ ಇದು ಖಂಡಿತ ಬೇಕು. ಅಡಿಬರಹದಲ್ಲಿ ತಿಂಗಳು, ವರ್ಷ, ‘ಮರೀನಾ, ಚೆನ್ನೈ’ ಸಾಕು. ಯಾವ ಪ್ರತಿಮೆಯ ಹಿಂದೆ ಎಂದು ಬೇಡ. ಆ ಚಿತ್ರ ನೋಡಿಯೇ ಜಾಗ ಖಾಲಿ ಮಾಡಿಸಿದರೆ ಹೊಣೆ ನಿಮ್ಮದು. ಮನುಷ್ಯನನ್ನು ಕೆಲಸದಿಂದ ಗುರುತಿಸಿ: ಬಲೂನು ಮಾರುವವರು, ಕೇಟರಿಂಗ್ ಕೂಲಿ. ಹೆಸರು ಅವರು ಬೇಕೆಂದರೆ ಮಾತ್ರ. ಮುಖ ಬೇಡ ಎಂದವರದು ಅಪ್ಪಿತಪ್ಪಿ ಬಂದಿದ್ದರೆ ಮಸುಕು ಮಾಡುತ್ತ ಕೂರದೆ ಆ ಫೈಲನ್ನೇ ಅಳಿಸಿಬಿಡಿ.

ಪ್ರಿಂಟು ಕೊಡುತ್ತೇನೆ ಎಂದು ಹೇಳಿದ್ದರೆ ಒಂದು ವಾರದೊಳಗೆ ಕೊಡಿ, ಮರಳಿನಲ್ಲಿರುವವರ ವಿಳಾಸ ತಿಂಗಳಿಗೆ ನಿಲ್ಲುವುದಿಲ್ಲ. 4×6 ಅಳತೆಯ ಪ್ರಿಂಟಿಗೆ ಲ್ಯಾಮಿನೇಶನ್ ಮಾಡಿಸಿ. ಬೆವರು, ಉಪ್ಪುಗಾಳಿಗೆ ಬರೀ ಕಾಗದ ಬೇಗ ಅಂಟಂಟಾಗುತ್ತದೆ. ಮಲಗಿದ್ದಾಗಿನ ಚಿತ್ರವನ್ನು ಇಟ್ಟುಕೊಳ್ಳಲು ಬಯಸುವವರು ಕಡಿಮೆ. ತಲೆ ಬಾಚಿ, ಶರ್ಟ್ ಗುಂಡಿ ಹಾಕಿ ನೇರ ಕೂತ ಒಂದು ಚಿತ್ರ ತೆಗೆಯಿರಿ ಎಂದು ಕೇಳುವವರೇ ಹೆಚ್ಚು, ಅದನ್ನೂ ತೆಗೆಯಿರಿ. ಬಿಳಿ ಬಟ್ಟೆಯೊಂದನ್ನು ಹಿಂದೆ ಹಿಡಿದು 35×45 ಮಿ.ಮೀ. ಪಾಸ್‌ಪೋರ್ಟ್ ಅಳತೆಯಲ್ಲಿ ಎಂಟು ಪ್ರತಿ ಮಾಡಿಸಿಕೊಟ್ಟರೆ ಅರ್ಜಿಗಳಿಗೆ ಉಪಯೋಗವಾಗುತ್ತದೆ. ಸ್ಥಳದಲ್ಲೇ ಕೊಡಲು, ತೆಗೆದ ಕೂಡಲೇ ಪ್ರಿಂಟು ಹೊರಬರುವ ಇನ್‌ಸ್ಟ್ಯಾಕ್ಸ್ ಮಿನಿ ಕ್ಯಾಮೆರಾ ಚೆನ್ನ, ಒಂದೂವರೆ ನಿಮಿಷದಲ್ಲಿ ಚಿತ್ರ ಮೂಡುತ್ತದೆ. ಆದರೆ ಆ ಫಿಲ್ಮಿಗೆ 40 ಡಿಗ್ರಿಯೇ ಮಿತಿ, ಮೇ ತಿಂಗಳಲ್ಲಿ ಪ್ಯಾಕೆಟ್ಟನ್ನು ಬಿಸಿಲಿಗೆ ಬಿಟ್ಟರೆ ಬಣ್ಣ ಕೆಡುತ್ತದೆ. ಹುಡುಕಿ ಹೋದಾಗ ಆ ಮನುಷ್ಯ ಅಲ್ಲಿರದಿದ್ದರೆ ಪ್ರಿಂಟನ್ನು ಪಕ್ಕದ ಅಂಗಡಿಯವರ ಕೈಗೆ ಕೊಟ್ಟು ಬರಬೇಡಿ. ನೀವು ಬಂದಿದ್ದಿರಿ ಎಂದಷ್ಟೇ ಹೇಳಿ, ಟೀ ಬರುವ ಹೊತ್ತಿಗೆ ಇನ್ನೊಂದು ದಿನ ಹೋಗಿ.